ಥ್ಯಾಂಕ್ಸ್‌ಗಿವಿಂಗ್ ಮೇಜಿಗೆ ಯಾವ ವೈನ್?

ನವೆಂಬರ್ ಮೂರನೇ ವಾರ ಬಂತೆಂದರೆ ಅಮೆರಿಕದ ವೈನ್ ಅಂಗಡಿಗಳಲ್ಲಿ ದಿನವಿಡೀ ಒಂದೇ ಪ್ರಶ್ನೆ: ಟರ್ಕಿ ಕೋಳಿಗೆ ಯಾವ ವೈನ್ ಹೊಂದುತ್ತದೆ? ಕೇಳುವವರಲ್ಲಿ ಬಹಳ ಮಂದಿ ವರ್ಷದ ಉಳಿದ ದಿನಗಳಲ್ಲಿ ವೈನ್ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಆದರೆ ಆ ತಿಂಗಳ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು, ಅಜ್ಜ ಅಜ್ಜಿಯಿಂದ ಹಿಡಿದು ಹೊಸ ಅಳಿಯನವರೆಗೆ ಇಡೀ ಬಳಗ ಒಂದೇ ಮೇಜಿನ ಸುತ್ತ ಕೂರುತ್ತದೆ. ತಂದಿಟ್ಟ ಬಾಟಲಿ ಎಲ್ಲರಿಗೂ ಹಿಡಿಸಬೇಕು ಎಂಬ ಚಿಂತೆ ಸಹಜವೇ.

ನಿಜ ಹೇಳಬೇಕೆಂದರೆ ಟರ್ಕಿ ಯಾವ ವೈನಿನ ಜೊತೆಗೂ ಜಗಳಕ್ಕೆ ನಿಲ್ಲುವ ಮಾಂಸವಲ್ಲ. ಎದೆಯ ಭಾಗ ಬೆಳ್ಳಗೆ, ಕೊಬ್ಬು ಕಡಿಮೆ, ರುಚಿ ಸೌಮ್ಯ. ಕಾಲು, ತೊಡೆಯ ಭಾಗ ಕಂದು, ಜಿಡ್ಡು ಹೆಚ್ಚು, ರುಚಿಯೂ ಗಾಢ. ಬಿಳಿ ವೈನೂ ನಡೆಯುತ್ತದೆ, ಕೆಂಪೂ ನಡೆಯುತ್ತದೆ. ಪೇಚಾಟವೆಲ್ಲ ಅದರ ಸುತ್ತ ಬಡಿಸುವ ಪದಾರ್ಥಗಳದ್ದು.

ಆ ತಟ್ಟೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಡುವೆ ಟರ್ಕಿಯ ಹೋಳುಗಳು, ಮೇಲೆ ಉಪ್ಪು ಮುಂದಾದ ಗ್ರೇವಿ. ಪಕ್ಕದಲ್ಲಿ ಬ್ರೆಡ್, ಈರುಳ್ಳಿ, ಸೆಲರಿ, ಸೇಜ್ ಸೊಪ್ಪು ಸೇರಿಸಿ ಬೇಯಿಸಿದ ಸ್ಟಫಿಂಗ್. ಧಾರಾಳವಾಗಿ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಅದರಾಚೆ ಗ್ರೀನ್ ಬೀನ್ ಕ್ಯಾಸರೋಲ್. ಅಣಬೆ ಸೂಪಿನಲ್ಲಿ ಬೆಂದ ಹುರುಳಿಕಾಯಿ, ಮೇಲೆ ಗರಿಗರಿ ಕರಿದ ಈರುಳ್ಳಿ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬ ಮಹಿಳೆ ರೂಪಿಸಿದ ಅಡುಗೆ ಇದು. ಸಿಹಿಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಹರಡಿ ಕಂದು ಬರುವಂತೆ ಸುಟ್ಟ ಇನ್ನೊಂದು ಪದಾರ್ಥ ಊಟದ ನಡುವೆಯೇ ಬರುವ ಸಿಹಿ. ಇಷ್ಟರ ಮೇಲೆ ತಟ್ಟೆಯ ಅಂಚಿಗೆ ಕಡುಗೆಂಪು ಕ್ರಾನ್‌ಬೆರಿ ಸಾಸ್.

ಫ್ರೆಂಚ್ ಪದ್ಧತಿಯ ಔತಣದಲ್ಲಿ ಒಂದು ಖಾದ್ಯ ಮುಗಿದ ಮೇಲೆ ಇನ್ನೊಂದು ಬರುತ್ತದೆ. ಒಂದೊಂದಕ್ಕೂ ಒಂದೊಂದು ವೈನ್ ಬಡಿಸುವುದು ಸಾಧ್ಯ. ಇಲ್ಲಿ ಅದು ಆಗದ ಮಾತು. ನಮ್ಮ ಹಬ್ಬದ ಬಾಳೆಲೆಯಂತೆ ಉಪ್ಪು, ಹುಳಿ, ಸಿಹಿ, ಜಿಡ್ಡು ಎಲ್ಲವೂ ಒಟ್ಟಿಗೇ ಬಂದು ಕೂರುತ್ತವೆ. ಗೊಜ್ಜು ಪಾಯಸದ ಕಡೆ ಹರಿದ ಹಾಗೆ ಕ್ರಾನ್‌ಬೆರಿ ಗ್ರೇವಿಯೊಳಗೆ ಹರಿಯುತ್ತದೆ. ಒಂದು ತುತ್ತಿನಲ್ಲೇ ಮೂರು ರುಚಿ ಸಿಗುವ ಈ ಊಟಕ್ಕೆ ವೈನ್ ಆರಿಸುವವರು ಟರ್ಕಿಯನ್ನು ಪಕ್ಕಕ್ಕಿಟ್ಟು ಕ್ರಾನ್‌ಬೆರಿಯಿಂದ ಶುರುಮಾಡುವುದು ಒಳ್ಳೆಯದು.

ಕ್ರಾನ್‌ಬೆರಿ ಮೊಂಡು ಹಣ್ಣು. ಅಮೆರಿಕದಲ್ಲಿ ಬೆಳೆಯುವ ಒಟ್ಟು ಬೆಳೆಯ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ್ದು. ಹಸಿಯಾಗಿ ಬಾಯಿಗೆ ಹಾಕಿಕೊಂಡರೆ ಮುಖ ಹಿಂಡುವಷ್ಟು ಹುಳಿ, ಜೊತೆಗೆ ಒಗರು. ಅದಕ್ಕೇ ಸಾಸ್ ಮಾಡುವಾಗ ಸಕ್ಕರೆ ಸುರಿಯಬೇಕು. ಒಂದು ಚಮಚ ಈ ಸಾಸ್ ತಿಂದು ಮೇಲೊಂದು ಗುಟುಕು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಗಡುಸಾದ ಕ್ಯಾಬರ್ನೆ ಸೊವಿನ್ಯೋಂ ಕುಡಿದು ನೋಡಿದರೆ ತೊಡಕು ಕೂಡಲೇ ಗೊತ್ತಾಗುತ್ತದೆ. ಆ ವೈನಿನ ಕಪ್ಪು ಹಣ್ಣಿನ ಸವಿ ಮಾಯ. ಒಸಡು ಒಣಗಿಸುವ ಒಗರು, ಹಿಂದೆಯೇ ಕಹಿ, ಕೊನೆಗೆ ಗಂಟಲಲ್ಲಿ ಮದ್ಯದ ಉರಿ. ಅದೇ ಸಾಸಿನ ಮೇಲೆ ತುಸು ಸಿಹಿ ಉಳಿಸಿಕೊಂಡ ರೀಸ್ಲಿಂಗ್ ಎಂಬ ಬಿಳಿ ವೈನ್ ಕುಡಿದರೆ ಹಣ್ಣೂ ವೈನೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಮನೆಯಲ್ಲಿ ಎರಡು ಲೋಟ ಪಕ್ಕಪಕ್ಕ ಇಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದು.

ಕಾರಣ ಸರಳ. ಊಟದ ಸಿಹಿ ವೈನಿನ ಹಣ್ಣಿನ ರುಚಿಯನ್ನು ಅಡಗಿಸಿ, ಅದರ ಹುಳಿ, ಒಗರು, ಕಹಿಯನ್ನು ಮುಂದೆ ತರುತ್ತದೆ. ಊಟದ ಹುಳಿ ವೈನಿನ ಹುಳಿಯನ್ನು ಮಂಕು ಮಾಡುತ್ತದೆ. ವೈನಿನಲ್ಲಿ ಮೊದಲೇ ಹುಳಿ ಕಡಿಮೆ ಇದ್ದರೆ ಅದು ಸಪ್ಪೆಯಾಗಿ ಬಿದ್ದುಹೋಗುತ್ತದೆ. ಅಣಬೆ ಮತ್ತು ಗ್ರೇವಿಯಲ್ಲಿರುವ ಉಮಾಮಿ ಎಂಬ ಮಾಂಸಲ ರುಚಿ ಕಹಿಯನ್ನು ಇನ್ನಷ್ಟು ಕೆದಕುತ್ತದೆ. ಉಪ್ಪು ಮಾತ್ರ ವೈನಿನ ಸ್ನೇಹಿತ, ಒಗರನ್ನು ಮೆತ್ತಗೆ ಮಾಡುತ್ತದೆ. ಇವೆಲ್ಲವನ್ನೂ ತಾಳೆ ಹಾಕಿದರೆ ಬೇಕಾದ ವೈನಿನ ಲಕ್ಷಣ ತಾನಾಗಿಯೇ ಸಿಗುತ್ತದೆ. ಹುಳಿ ಚುರುಕಾಗಿರಬೇಕು, ಒಗರು ಕಡಿಮೆ ಇರಬೇಕು, ಹಣ್ಣಿನ ಸವಿ ಢಾಳಾಗಿರಬೇಕು, ಮದ್ಯದ ಪ್ರಮಾಣ ಮಿತಿಯಲ್ಲಿರಬೇಕು, ಓಕ್ ಪೀಪಾಯಿಯ ವಾಸನೆ ಮೇಲೆದ್ದು ಹೊಡೆಯಬಾರದು.

ಸಂಪ್ರದಾಯ ಮುರಿಯುವ ಅಳುಕೂ ಬೇಡ, ಏಕೆಂದರೆ ಈ ಊಟಕ್ಕೆ ಹಿಂದಿನಿಂದ ನಡೆದುಬಂದ ವೈನ್ ಅಂತ ಒಂದಿಲ್ಲ. ಈ ಹಬ್ಬದ ಮೂಲವೆಂದು ನೆನೆಯುವ ಔತಣದಲ್ಲಿ, 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸೆಗಾರರೂ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರೂ ಮೂರು ದಿನ ಕೂಡಿ ಉಂಡದ್ದನ್ನು ವಲಸೆಗಾರರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್‌ಲೋ ತನ್ನ ಪತ್ರದಲ್ಲಿ ಬರೆದಿದ್ದಾನೆ. ಅದರಲ್ಲಿ ಬೇಟೆಯಾಡಿ ತಂದ ಹಕ್ಕಿಗಳಿವೆ, ಐದು ಜಿಂಕೆಗಳಿವೆ. ಸಕ್ಕರೆ ಬೆರೆಸಿದ ಕ್ರಾನ್‌ಬೆರಿ ಸಾಸ್ ಆಗಲಿ, ಕುಂಬಳಕಾಯಿ ಪೈ ಆಗಲಿ ಇಲ್ಲ. ಅಬ್ರಹಾಂ ಲಿಂಕನ್ 1863ರಲ್ಲಿ ಥ್ಯಾಂಕ್ಸ್‌ಗಿವಿಂಗನ್ನು ರಾಷ್ಟ್ರೀಯ ಹಬ್ಬವೆಂದು ಸಾರಿದ. ನವೆಂಬರ್‌ನ ನಾಲ್ಕನೇ ಗುರುವಾರವೆಂದು ಕಾಂಗ್ರೆಸ್ ಕಾನೂನು ಮಾಡಿದ್ದು 1941ರಲ್ಲಿ.

ಆ ನಾಲ್ಕನೇ ಗುರುವಾರ ಫ್ರಾನ್ಸಿನ ಒಂದು ವೈನಿಗೆ ಅದೃಷ್ಟವಾಗಿ ಬಂತು. ಲಿಯಾನ್ ನಗರದ ಉತ್ತರಕ್ಕಿರುವ ಬೋಜೊಲೆ ಪ್ರದೇಶದಲ್ಲಿ ಗಾಮೆ ಎಂಬ ದ್ರಾಕ್ಷಿ ಬೆಳೆಯುತ್ತದೆ. ಶರತ್ಕಾಲದಲ್ಲಿ ಕೊಯ್ದ ಹಣ್ಣಿನಿಂದ ಕೆಲವೇ ವಾರಗಳಲ್ಲಿ ಮಾಡಿ ಮಾರುವ ಹೊಸ ವೈನಿಗೆ ಬೋಜೊಲೆ ನೂವೊ ಎಂದು ಹೆಸರು. 1985ರಿಂದ ಅದರ ಬಿಡುಗಡೆಗೆ ನವೆಂಬರ್‌ನ ಮೂರನೇ ಗುರುವಾರ ಗೊತ್ತಾಗಿದೆ. ಎಂದರೆ ಪ್ರತಿ ವರ್ಷವೂ ಥ್ಯಾಂಕ್ಸ್‌ಗಿವಿಂಗ್‌ಗೆ ಸರಿಯಾಗಿ ಒಂದು ವಾರ ಮೊದಲು. 2020ರಲ್ಲಿ ತೀರಿಕೊಂಡ ವ್ಯಾಪಾರಿ ಜಾರ್ಜ್ ದುಬೊಫ್ ಈ ಹೊಸ ವೈನನ್ನು ಹೂವಿನ ಚಿತ್ರದ ಲೇಬಲ್ ಹಚ್ಚಿ ದೇಶದೇಶಗಳಿಗೆ ಕಳಿಸಿದ. ಅಮೆರಿಕದ ಅಂಗಡಿಗಳಲ್ಲಿ ಟರ್ಕಿ ಖರೀದಿಯ ವಾರಕ್ಕೇ ಅದರ ರಾಶಿಯೂ ಬಂದು ಬೀಳುತ್ತದೆ.

ಅಗ್ಗ, ಖುಷಿಯ ವೈನ್, ಒಂದೆರಡು ಬಾಟಲಿ ತರುವುದರಲ್ಲಿ ತಪ್ಪೇನಿಲ್ಲ. ಆದರೆ ಗಾಮೆಯ ನಿಜವಾದ ಸೊಗಸು ಅಲ್ಲಿಗೇ ನಿಲ್ಲುವುದಿಲ್ಲ. ಬೋಜೊಲೆಯ ಉತ್ತರ ಭಾಗದ ಗುಡ್ಡಗಳಲ್ಲಿ ‘ಕ್ರೂ’ ಎಂಬ ಮಾನ್ಯತೆ ಪಡೆದ ಹತ್ತು ಹೆಸರುಗಳಿವೆ. ಮೋರ್ಗೋಂ, ಫ್ಲೂರಿ, ಬ್ರೂಯಿ, ಮುಲಾನ್ ಅ ವಾಂ ಅವುಗಳಲ್ಲಿ ಕೆಲವು. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ಈ ಹೆಸರೇ ಇರುತ್ತದೆ, ಬೋಜೊಲೆ ಎಂಬ ಮಾತು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ. ಅಂಗಡಿಯಲ್ಲಿ ಕೇಳಿ ಪಡೆಯಬೇಕು. ಬೋಜೊಲೆಯಲ್ಲಿ ದ್ರಾಕ್ಷಿಯನ್ನು ಜಜ್ಜದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬುವ ರೂಢಿ ಇದೆ. ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಇಡಿಯ ಹಣ್ಣಿನೊಳಗೇ ಹುದುಗು ಶುರುವಾಗುವುದರಿಂದ ಸಿಪ್ಪೆ ಬೀಜಗಳ ಒಗರು ಹೆಚ್ಚು ಇಳಿಯದೆ ಚೆರ್ರಿ, ರಾಸ್ಪ್‌ಬೆರಿಯಂಥ ಘಮ ಮೇಲೆ ಬರುತ್ತದೆ. ಕ್ರಾನ್‌ಬೆರಿ ಸಾಸಿನ ಪಕ್ಕ ಕೂರಿಸಲು ಇದಕ್ಕಿಂತ ಒಳ್ಳೆಯ ಕೆಂಪು ವೈನ್ ಸಿಗುವುದು ಕಷ್ಟ. ಫ್ರಾನ್ಸಿನದೇ ಬರ್ಗಂಡಿ ಪ್ರದೇಶದ ಹೆಸರಾಂತ ವೈನುಗಳ ಬೆಲೆಗೆ ಹೋಲಿಸಿದರೆ ಇದು ಎಷ್ಟೋ ಕಡಿಮೆ ದುಡ್ಡಿಗೆ ಬರುತ್ತದೆ ಎಂಬುದು ಇನ್ನೊಂದು ಸಮಾಧಾನ.

ಅಮೆರಿಕದ ಹಬ್ಬಕ್ಕೆ ಅಮೆರಿಕದ್ದೇ ವೈನ್ ಬೇಕು ಎನ್ನುವವರಿಗೆ ಆರೆಗನ್ ರಾಜ್ಯದ ಪಿನೊ ನ್ವಾರ್ ಇದೆ. ಅಲ್ಲಿನ ವಿಲ್ಲಾಮೆಟ್ ಕಣಿವೆಯ ತಂಪಿನಲ್ಲಿ ಬರ್ಗಂಡಿಯ ಈ ನಾಜೂಕು ದ್ರಾಕ್ಷಿ ಬೆಳೆದೀತು ಎಂದು ನಂಬಿ 1965ರಲ್ಲಿ ಡೇವಿಡ್ ಲೆಟ್ ಬಳ್ಳಿ ನೆಟ್ಟಾಗ ಅದು ದೊಡ್ಡ ಸಾಹಸ. 1979ರಲ್ಲಿ ಪ್ಯಾರಿಸ್‌ನ ಸ್ಪರ್ಧೆಯೊಂದರಲ್ಲಿ ಅವರ 1975ರ ಪಿನೊ ಹೆಸರಾಂತ ಬರ್ಗಂಡಿಗಳ ಸಾಲಿನಲ್ಲಿ ಮುಂದೆ ನಿಂತಿತು. ಮುಂದೆ ಬರ್ಗಂಡಿಯ ದ್ರೂವ್ಯಾಂ ಮನೆತನವೇ ಅದೇ ಕಣಿವೆಗೆ ಬಂದು ಜಮೀನು ಕೊಂಡಿತು. ಸೇಜ್ ಸೊಪ್ಪಿನ ಸ್ಟಫಿಂಗ್, ಅಣಬೆ, ಟರ್ಕಿಯ ತೊಡೆ ಮಾಂಸ, ಇವುಗಳ ಜೊತೆ ಪಿನೊದ ಮಣ್ಣು ಮಿಶ್ರಿತ ಪರಿಮಳ ಚೆನ್ನಾಗಿ ಬೆರೆಯುತ್ತದೆ. ಸಿಹಿಗೆಣಸಿನ ಜೊತೆ ಮಾತ್ರ ಅದು ಸ್ವಲ್ಪ ಸೊರಗುತ್ತದೆ.

ಜಿನ್‌ಫಂಡೆಲ್ ಬಗ್ಗೆ ಅಮೆರಿಕನ್ನರಿಗೆ ಇರುವ ಪ್ರೀತಿ ಬೇರೆಯೇ. ಕ್ಯಾಲಿಫೋರ್ನಿಯಾದ ಲೋಡೈ, ಸೋನೋಮಾ ಕಡೆ ನೂರು ವರ್ಷ ದಾಟಿದ ಜಿನ್‌ಫಂಡೆಲ್ ಬಳ್ಳಿಗಳಿವೆ. ಬಹುಕಾಲ ಇದನ್ನು ತಮ್ಮ ನೆಲದ್ದೇ ದ್ರಾಕ್ಷಿ ಎಂದು ಅವರು ಹೆಮ್ಮೆಪಟ್ಟಿದ್ದರು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಯಾರಲ್ ಮೆರೆಡಿತ್ ಕ್ರೊಯೇಷಿಯಾದ ಸಂಶೋಧಕರ ಜೊತೆಗೂಡಿ ಡಿಎನ್ಎ ಪರೀಕ್ಷಿಸಿದಾಗ, 2001ರಲ್ಲಿ ಅದರ ತವರು ಏಡ್ರಿಯಾಟಿಕ್ ಕರಾವಳಿ ಎಂಬುದು ಖಚಿತವಾಯಿತು. ವಲಸೆ ಬಂದು ಇಲ್ಲಿಯವರೇ ಆದವರ ದೇಶದ ಹಬ್ಬಕ್ಕೆ ಇದಕ್ಕಿಂತ ತಕ್ಕ ವಂಶಾವಳಿ ಇನ್ನೊಂದಿರಲಾರದು. ಅದರ ಜಾಮ್‌ನಂಥ ಹಣ್ಣು, ಮೆಣಸಿನ ಘಾಟು ಸಾಸೇಜ್ ಹಾಕಿದ ಸ್ಟಫಿಂಗ್‌ಗೆ ಒಪ್ಪುತ್ತದೆ. ಆದರೆ ಶೇ. 15 ಮದ್ಯ ದಾಟುವ ಜಿನ್‌ಫಂಡೆಲ್‌ಗಳು ಸಾಮಾನ್ಯ. ಮಧ್ಯಾಹ್ನ ಮೂರಕ್ಕೆ ಕೂತು ಕತ್ತಲಾದ ಮೇಲೆ ಏಳುವ ಊಟಕ್ಕೆ ಅದು ಭಾರ. ಲೇಬಲ್ ನೋಡಿ ಶೇ. 14ರ ಆಸುಪಾಸಿನದನ್ನು ಆರಿಸಿಕೊಂಡರೆ ಊಟದ ಕೊನೆಯವರೆಗೂ ನಾಲಿಗೆ ಚುರುಕಾಗಿರುತ್ತದೆ.

ಇಡೀ ಮೇಜಿಗೆ ಒಂದೇ ಬಾಟಲಿ ಆರಿಸು ಎಂದರೆ ಮಾತ್ರ ರೀಸ್ಲಿಂಗ್‌ಗೆ ಮಣೆ ಹಾಕಬೇಕು. ಬಿಳಿ ದ್ರಾಕ್ಷಿಗಳಲ್ಲಿ ಇಷ್ಟು ಹುಳಿ, ಇಷ್ಟು ಹಣ್ಣು, ಇಷ್ಟು ಹಗುರ ಒಟ್ಟಿಗೆ ಸಿಗುವುದು ಅಪರೂಪ. ‘ಸಿಹಿ ವೈನ್’ ಎಂದು ಮೂಗು ಮುರಿಯುವವರೇ ಇದರಿಂದ ಹೆಚ್ಚು ನಷ್ಟ ಮಾಡಿಕೊಂಡವರು. ರೀಸ್ಲಿಂಗ್ ಪೂರ್ತಿ ಸಿಹಿಯಿಲ್ಲದೆಯೂ ಬರುತ್ತದೆ, ಜೇನಿನಷ್ಟು ಸಿಹಿಯಾಗಿಯೂ ಬರುತ್ತದೆ. ಬಾಟಲಿ ತೆರೆಯದೆ ಅದನ್ನು ಅಂದಾಜು ಮಾಡುವ ದಾರಿ ಲೇಬಲ್ಲಿನ ಮದ್ಯದ ಪ್ರಮಾಣ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯವಾಗಿಸುತ್ತದೆ. ಕೆಲಸವನ್ನು ನಡುವೆಯೇ ನಿಲ್ಲಿಸಿದರೆ ಮದ್ಯ ಕಡಿಮೆ, ಸಕ್ಕರೆ ಬಾಕಿ. ಹಾಗಾಗಿ ಶೇ. 8 ಅಥವಾ 9 ಎಂದಿದ್ದರೆ ಸಿಹಿ ಚೆನ್ನಾಗಿಯೇ ಗೊತ್ತಾಗುತ್ತದೆ, 10-11 ಇದ್ದರೆ ಸಣ್ಣ ಸಿಹಿ, 12 ಅಥವಾ ಮೇಲಾದರೆ ಬಹುಪಾಲು ಸಿಹಿಯಿಲ್ಲ. ಜರ್ಮನಿಯ ಬಾಟಲಿಯ ಮೇಲೆ ‘ಟ್ರೋಕನ್’ ಎಂದಿದ್ದರೂ ಅದೇ ಅರ್ಥ. ಅನೇಕ ಬಾಟಲಿಗಳ ಹಿಂಬದಿಯಲ್ಲಿ ಸಿಹಿ ಎಷ್ಟೆಂದು ತೋರಿಸುವ ಪುಟ್ಟ ಅಳತೆಪಟ್ಟಿಯೂ ಇರುತ್ತದೆ.

ಜರ್ಮನಿಯ ಮೋಸೆಲ್ ನದಿಯ ಕಡಿದಾದ ದಂಡೆಗಳ ‘ಕಾಬಿನೆಟ್’ ಎಂಬ ಹಗುರ ಬಗೆಯ ರೀಸ್ಲಿಂಗ್ ಈ ಊಟಕ್ಕೆ ಹೇಳಿ ಮಾಡಿಸಿದಂತಿದೆ. ಅಮೆರಿಕದಲ್ಲೇ ಬೇಕೆಂದರೆ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಇದೆ. ಅಲ್ಲಿನ ಚಳಿಗೆ ಯೂರೋಪಿನ ಬಳ್ಳಿಗಳು ಸತ್ತೇ ಹೋಗುತ್ತವೆ ಎಂದು ಎಲ್ಲರೂ ಕೈಬಿಟ್ಟಿದ್ದಾಗ, ಉಕ್ರೇನ್‌ನಿಂದ ವಲಸೆ ಬಂದಿದ್ದ ಡಾ. ಕಾನ್‌ಸ್ಟಾಂಟಿನ್ ಫ್ರಾಂಕ್ ಚಳಿ ತಾಳುವ ಬೇರಿಗೆ ಕಸಿ ಕಟ್ಟಿ ಬೆಳೆಸಿ ತೋರಿಸಿದರು. ಕ್ಯೂಕಾ ಸರೋವರದ ದಂಡೆಯಲ್ಲಿ 1962ರಲ್ಲಿ ಅವರು ಆರಂಭಿಸಿದ ವೈನರಿ ಇಂದಿಗೂ ಅವರ ಕುಟುಂಬದ ಕೈಯಲ್ಲಿದೆ.

ನೊರೆಯುಕ್ಕುವ ವೈನನ್ನು ಬರೀ ಸ್ವಾಗತದ ಲೋಟಕ್ಕೆ ಮೀಸಲಿಡುವುದು ಅನ್ಯಾಯ. ಬೆಣ್ಣೆ, ಕರಿದ ಈರುಳ್ಳಿ, ಗ್ರೇವಿಯ ಜಿಡ್ಡನ್ನು ಅದರ ಹುಳಿ ಮತ್ತು ಗುಳ್ಳೆ ತೊಳೆದು ಹಾಕಿ ಮುಂದಿನ ತುತ್ತಿಗೆ ಬಾಯಿ ಸಿದ್ಧಮಾಡುತ್ತದೆ. ಶಾಂಪೇನೇ ಆಗಬೇಕೆಂದಿಲ್ಲ. ಸ್ಪೇನಿನ ಕಾವಾ, ಫ್ರಾನ್ಸಿನ ಬೇರೆ ಪ್ರದೇಶಗಳ ಕ್ರೆಮಾಂ ಕೂಡ ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿ ಮಾಡಿದ ವೈನುಗಳೇ, ಬೆಲೆ ಮಾತ್ರ ಬಹಳ ಕಡಿಮೆ. ಕೊಳ್ಳುವಾಗ ಒಂದು ಎಚ್ಚರ ಬೇಕು: ‘ಎಕ್ಸ್‌ಟ್ರಾ ಡ್ರೈ’ ಎಂದು ಬರೆದದ್ದು ‘ಬ್ರೂಟ್’ಗಿಂತ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17. ಊಟದ ಉದ್ದಕ್ಕೂ ಕುಡಿಯಲು ಬ್ರೂಟ್ ವಾಸಿ.

ಕ್ಯಾಬರ್ನೆಯನ್ನೂ ಓಕ್ ಘಮದ ಶಾರ್ಡನೆಯನ್ನೂ ಕೀಳೆಂದು ಯಾರೂ ಹೇಳುವುದಿಲ್ಲ. 1976ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ ಹೆಸರು ಮುಚ್ಚಿ ಕುಡಿದ ಫ್ರೆಂಚ್ ತೀರ್ಪುಗಾರರು ಮೊದಲ ಸ್ಥಾನ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಕ್ಯಾಬರ್ನೆಗೂ ಶಾರ್ಡನೆಗೂ. ಅಂಥ ಬಾಟಲಿ ಮನೆಯಲ್ಲಿದ್ದರೆ ಅದನ್ನು ಸುಟ್ಟ ಗೋಮಾಂಸದ ಜೊತೆಗೋ, ಗಟ್ಟಿ ಚೀಸಿನ ಜೊತೆಗೋ ಬೇರೊಂದು ಸಂಜೆ ತೆರೆಯಬೇಕು. ಮಾರ್ಷ್‌ಮ್ಯಾಲೋ ಮುಂದೆ ಅದನ್ನು ನಿಲ್ಲಿಸಿದರೆ ವೈನಿಗೂ ನ್ಯಾಯವಿಲ್ಲ, ತಂದವರ ದುಡ್ಡಿಗೂ ನ್ಯಾಯವಿಲ್ಲ.

ಅಮೆರಿಕದ ಕನ್ನಡಿಗರ ಮನೆಗಳಲ್ಲೂ ನಾಲ್ಕು ದಿನದ ಆ ರಜೆಯಲ್ಲಿ ಬಳಗ ಸೇರುತ್ತದೆ. ಕೆಲವರ ಮನೆಯಲ್ಲಿ ಟರ್ಕಿಯ ಪಕ್ಕದಲ್ಲೇ ವಾಂಗೀಬಾತು. ಸಸ್ಯಾಹಾರಿಗಳಲ್ಲಿ ಟರ್ಕಿಯೇ ಇಲ್ಲದೆ ಬಿಸಿಬೇಳೆಬಾತು, ಪಲ್ಯ, ಜೊತೆಗೆ ಮಕ್ಕಳ ಆಸೆಗೆ ಕ್ರಾನ್‌ಬೆರಿ ಸಾಸ್, ಕುಂಬಳಕಾಯಿ ಪೈ. ಇಲ್ಲಿ ಲೆಕ್ಕಕ್ಕೆ ಖಾರವೂ ಸೇರಿಕೊಳ್ಳುತ್ತದೆ. ಮೆಣಸಿನಕಾಯಿಯ ಉರಿಯನ್ನು ಮದ್ಯ ಹೆಚ್ಚಿಸುತ್ತದೆ, ಒಗರು ಅದಕ್ಕೆ ಇನ್ನಷ್ಟು ಒರಟುತನ ತರುತ್ತದೆ. ಸಿಹಿ ಮತ್ತು ತಂಪು ಅದನ್ನು ತಣಿಸುತ್ತವೆ. ಹುಣಸೆಹುಳಿಯ ಎದುರು ನಿಲ್ಲಲು ವೈನಿಗೂ ಹುಳಿಯ ಬಲ ಬೇಕು. ಆದ್ದರಿಂದ ಸಣ್ಣ ಸಿಹಿಯ ರೀಸ್ಲಿಂಗ್ ಈ ಮೇಜಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಚಕ್ಕೆ, ಲವಂಗದ ಘಮ ಮುಂದಿರುವ ಅಡುಗೆಗೆ ಫ್ರಾನ್ಸಿನ ಅಲ್ಸೇಸ್ ಪ್ರದೇಶದ ಗೆವುರ್ತ್ಸ್‌ಟ್ರಾಮಿನರ್ ಒಳ್ಳೆಯ ಜೋಡಿ, ಅದರಲ್ಲಿ ಗುಲಾಬಿ, ಲಿಚಿಯ ಪರಿಮಳವಿದೆ.

ಕಟ್ಟಾ ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ವೈನನ್ನು ತಿಳಿಗೊಳಿಸಲು ಕೆಲವು ತಯಾರಕರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನು, ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ವಸ್ತುವನ್ನು ಬಳಸುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಇದ್ದಾರೆ, ಏನನ್ನೂ ಬಳಸದೆ ತಾನಾಗಿ ತಿಳಿಯಾಗಲು ಬಿಡುವವರೂ ಇದ್ದಾರೆ. ಯಾವುದನ್ನು ಬಳಸಿದರೆಂದು ಲೇಬಲ್ ಮೇಲೆ ಮುದ್ರಿಸುವುದು ಅಮೆರಿಕದಲ್ಲಿ ಕಡ್ಡಾಯವಲ್ಲ. ಹಾಗಾಗಿ ‘ವೀಗನ್’ ಎಂಬ ಗುರುತು ಹುಡುಕಬೇಕು, ಇಲ್ಲವೇ ಅಂಗಡಿಯಲ್ಲಿ ವಿಚಾರಿಸಬೇಕು.

ಕುಡಿಯದವರ ಲೋಟವೂ ಹಬ್ಬದ ಲೋಟವಾಗಿಯೇ ಇರಬೇಕು. ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ 1868ರಿಂದ ಇರುವ ಮಾರ್ಟಿನೆಲ್ಲಿ ಕಂಪನಿಯ ನೊರೆಯುಕ್ಕುವ ಸೇಬಿನ ರಸ ಅಮೆರಿಕದ ಎಷ್ಟೋ ಮಕ್ಕಳಿಗೆ ಥ್ಯಾಂಕ್ಸ್‌ಗಿವಿಂಗ್‌ನ ರುಚಿಯೇ ಆಗಿದೆ. 21 ತುಂಬದವರಿಗೆ, ಕಾರು ಓಡಿಸುವವರಿಗೆ, ಮದ್ಯ ಮುಟ್ಟದ ಹಿರಿಯರಿಗೆ ಅದನ್ನು ಅದೇ ಉದ್ದ ಲೋಟದಲ್ಲಿ ಕೊಟ್ಟರೆ ಯಾರೂ ಬೇರೆಯಾಗಿ ಕೂತಂತೆ ಆಗುವುದಿಲ್ಲ. ಅತಿಥಿಗಳಲ್ಲಿ ಅನೇಕರು ರಾತ್ರಿ ದೂರದೂರ ಕಾರು ಓಡಿಸಿ ಹೋಗುವ ದಿನವಿದು. ವಾಹನ ಓಡಿಸುವವರ ಲೋಟಕ್ಕೆ ಬಲವಂತದಿಂದ ವೈನ್ ಸುರಿಯಬಾರದು.

ಕುಂಬಳಕಾಯಿ ಪೈ ಬರುವಾಗ ಊಟದ ವೈನು ಮೇಜಿನಿಂದ ಇಳಿಯಬೇಕು. ಸಿಹಿತಿಂಡಿಗಿಂತ ವೈನು ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ಹುಳಿ ಅನ್ನಿಸುತ್ತದೆ. ಪೋರ್ಚುಗಲ್ಲಿನ ಟಾನಿ ಪೋರ್ಟ್ ಈ ಕೆಲಸಕ್ಕೆ ಹೆಸರುವಾಸಿ, ಆದರೆ ಈ ದಿನಕ್ಕೆ ಮಡೈರಾ ಹೆಚ್ಚು ಸಲ್ಲುತ್ತದೆ. ಅಟ್ಲಾಂಟಿಕ್ ನಡುವಿನ ಆ ದ್ವೀಪದ ವೈನು ಅಮೆರಿಕದ ವಸಾಹತುಗಳ ಅಚ್ಚುಮೆಚ್ಚಿನ ಪಾನೀಯವಾಗಿತ್ತು. 1768ರಲ್ಲಿ ಬೋಸ್ಟನ್ ಬಂದರಿನಲ್ಲಿ ಬ್ರಿಟಿಷ್ ಸುಂಕದವರು ಆ ಊರಿನ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಹಡಗನ್ನು ವಶಪಡಿಸಿಕೊಂಡದ್ದು ಅದು ತಂದಿದ್ದ ಮಡೈರಾದ ಸುಂಕದ ತಗಾದೆಯಲ್ಲೇ. ಊರಲ್ಲಿ ಗಲಭೆಯೇ ಎದ್ದಿತು. ತಯಾರಿಕೆಯಲ್ಲೇ ಕಾವು ಮತ್ತು ಗಾಳಿಗೆ ಒಡ್ಡಿರುವುದರಿಂದ ತೆರೆದ ಬಾಟಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬುವಾಲ್ ಅಥವಾ ಮಾಮ್ಸಿ ಎಂದು ಬರೆದಿರುವ ಸಿಹಿ ಬಗೆಯನ್ನು ತರಬೇಕು. ಮದ್ಯ ಶೇ. 19ರ ಹತ್ತಿರ ಇರುವುದರಿಂದ ಪುಟ್ಟ ಲೋಟ ಸಾಕು.

ಇನ್ನು ಲೆಕ್ಕ. 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಲೋಟ. ಕುಡಿಯುವವರು ಹತ್ತು ಮಂದಿ ಇದ್ದರೆ ತಲೆಗೆ ಅರ್ಧ ಬಾಟಲಿಯಂತೆ ಐದು, ಕಡಿಮೆ ಬೀಳದಿರಲೆಂದು ಇನ್ನೊಂದು. ಎರಡು ರೀಸ್ಲಿಂಗ್, ಎರಡು ಕ್ರೂ ಬೋಜೊಲೆ, ಒಂದು ಪಿನೊ, ಒಂದು ಕ್ರೆಮಾಂ ತಂದು ಮೇಜಿನ ಮೇಲೆ ಒಟ್ಟಿಗೇ ಇಟ್ಟುಬಿಟ್ಟರೆ ಯಾರಿಗೆ ಬೇಕಾದದ್ದನ್ನು ಅವರೇ ಸುರಿದುಕೊಳ್ಳುತ್ತಾರೆ. ಮನೆಯವರು ಸುತ್ತಿ ಸುತ್ತಿ ಬಡಿಸುವ ಶ್ರಮವಿಲ್ಲ. ಬೆಳಗಿನಿಂದ ಓವನ್ ಉರಿಯುವ, ಹೀಟರ್ ಹಾಕಿದ ಮನೆಯಲ್ಲಿ ಕೆಂಪು ವೈನು ಬೆಚ್ಚಗಾಗಿ ಮದ್ಯದ ವಾಸನೆ ಹೊಡೆಯುತ್ತದೆ. ಗಾಮೆ, ಪಿನೊಗಳನ್ನು ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಬಿಳಿಯದನ್ನು ಹತ್ತು ನಿಮಿಷ ಮೊದಲೇ ಹೊರಗೆ ತೆಗೆದರೆ ಅದರ ಪರಿಮಳ ಬಿಡುತ್ತದೆ.

ಉಳಿದ ಬಾಟಲಿಗಳಿಗೆ ಬಿರಡೆ ಹಾಕಿ, ಕೆಂಪೋ ಬಿಳಿಯೋ ನೋಡದೆ, ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿದರೆ ಎರಡು ಮೂರು ದಿನ ಚೆನ್ನಾಗಿರುತ್ತವೆ. ಶುಕ್ರವಾರ ಮಧ್ಯಾಹ್ನ ತಂಗಳು ಟರ್ಕಿ, ಸ್ಟಫಿಂಗ್, ಕ್ರಾನ್‌ಬೆರಿಯನ್ನು ಬ್ರೆಡ್ ನಡುವೆ ಒತ್ತಿ ತಿನ್ನುವ ಸ್ಯಾಂಡ್‌ವಿಚ್‌ಗೆ ತಣ್ಣಗಿನ ಬೋಜೊಲೆ ಒಂದು ಲೋಟ ಉಳಿಸಿಟ್ಟುಕೊಳ್ಳುವುದು ಜಾಣತನ. ಗುರುವಾರದ ಗಡಿಬಿಡಿಯಲ್ಲಿ ಗೊತ್ತಾಗದ ಅದರ ಸೊಗಸು ಆಗ ಪೂರ್ತಿ ಗೊತ್ತಾಗುತ್ತದೆ.